ದಾಕ್ಷಾಯಣವ್ವನ ಉಸಿರು ತಲುಪಿದೆ

ಸತ್ತವರಿಂದ ಇ-ಮೇಲ್ ಬರುತ್ತಿದೆ ಎಂದು ಯಾರಾದರೂ ದೂರು ಕೊಟ್ಟರೆ ನಾನು ಮೊದಲು ಹುಡುಕುವುದು ದೆವ್ವವನ್ನಲ್ಲ, ಕಂಪ್ಯೂಟರಿನೊಳಗೆ ಹಳೆಯ ಫೈಲುಗಳು ಕೊಳೆಯುತ್ತ ಬಿದ್ದಿರುವ ಫೋಲ್ಡರನ್ನು. ದೆವ್ವಕ್ಕೆ ಇ-ಮೇಲ್ ಕಳಿಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬದುಕಿರುವವರಿಗೇ ಇಲ್ಲ. ಇಷ್ಟು ವರ್ಷ ಈ ನಂಬಿಕೆಯ ಮೇಲೆಯೇ ನಾನು ಕೆಲಸ ಮಾಡಿದ್ದೇನೆ, ಸಂಬಳ ತೆಗೆದುಕೊಂಡಿದ್ದೇನೆ.

ನಮ್ಮದು ಉಸಿರು ನಿಗಾ ಕೇಂದ್ರ. ನೇಕಾರರ ಊರುಗಳಲ್ಲಿ ಎದೆಯ ಕಾಯಿಲೆ ಬಹಳ. ಹಾಗಾಗಿ ಸರಕಾರ ಮಗ್ಗವಿರುವ ಮನೆಗೆಲ್ಲ ಒಂದೊಂದು ಉಸಿರು ಪೆಟ್ಟಿಗೆ ಕೊಟ್ಟಿದೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಚಹಾ ಕುಡಿಯುವ ಮುಂಚೆ ಅದರ ಕೊಳವೆಗೆ ಒಮ್ಮೆ ಊದಬೇಕು. ಮನುಷ್ಯನ ಉಸಿರಿನಲ್ಲಿ ನೂರಾರು ಬಗೆಯ ಅನಿಲಗಳಿರುತ್ತವೆ. ಪೆಟ್ಟಿಗೆ ಅವನ್ನೆಲ್ಲ ಬಿಡಿಸಿ ಒಂದು ನಕ್ಷೆ ಮಾಡುತ್ತದೆ. ಉಸಿರಿನ ಫೋಟೋ ಎಂದುಕೊಳ್ಳಿ. ಯಾರು ಊದಿದ್ದು ಎಂದು ತಿಳಿಸಲು ಮೊದಲ ಮಾದರಿಯಲ್ಲಿ ಗುಂಡಿಗಳಿದ್ದವು. ನಮ್ಮ ಜನ ಒತ್ತಿದರೆ ತಾನೆ? ಗಂಡನ ಗುಂಡಿ ಹೆಂಡತಿ ಒತ್ತಿ, ಮಾವನ ಗುಂಡಿ ಮೊಮ್ಮಗ ಒತ್ತಿ, ಎಲ್ಲ ಅಯೋಮಯವಾಯಿತು. ಆಮೇಲೆ ಗುಂಡಿ ಕಿತ್ತುಹಾಕಿ, ಊದಿದವರನ್ನು ಉಸಿರಿನಿಂದಲೇ ಗುರುತು ಹಿಡಿಯಲು ಪೆಟ್ಟಿಗೆಗೆ ಕಲಿಸಿದರು. ಒಬ್ಬರ ಉಸಿರಿನಲ್ಲಿ ಇನ್ನೊಬ್ಬರಲ್ಲಿ ಇರದಂಥದ್ದು ಏನಿದೆಯೋ ಅದನ್ನು ಹಿಡಿದುಕೊಂಡು ಅದು ಫೈಲಿಗೆ ಹೆಸರಿಡುತ್ತದೆ. ಪಕ್ಕದ ಮನೆಯಲ್ಲಿ ಕುಳಿತು ಊದಿದರೂ ನಡೆಯಲಿ ಎಂದು ಒಂದು ಓಣಿಯ ಪೆಟ್ಟಿಗೆಗಳೆಲ್ಲ ಈ ಗುರುತುಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ.

ಆ ಫೈಲುಗಳನ್ನು ವೈದ್ಯರಿಗೆ ಮುಟ್ಟಿಸಲು ಭಾರಿ ಪೋರ್ಟಲ್ ಕಟ್ಟಿದ್ದರು. ಉದ್ಘಾಟನೆಯ ದಿನವೇ ಅದು ಮಲಗಿತು, ಇನ್ನೂ ಎದ್ದಿಲ್ಲ. ಅವತ್ತು ಯಾರೋ ಪುಣ್ಯಾತ್ಮ ಸದ್ಯಕ್ಕಿರಲಿ ಎಂದು ಬರೆದುಕೊಟ್ಟ ಶೆಲ್ ಸ್ಕ್ರಿಪ್ಟೇ ಇವತ್ತಿಗೂ ಕೇಂದ್ರವನ್ನು ನಡೆಸುತ್ತಿದೆ. ಶೆಲ್ ಸ್ಕ್ರಿಪ್ಟ್ ಎಂದರೆ ಮಹಾ ಏನಲ್ಲ, ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಅಪ್ಪಣೆಗಳು. ಈ ಫೋಲ್ಡರ್ ನೋಡು, ಮನೆಯ ಪಟ್ಟಿಯಲ್ಲಿರುವ ಒಬ್ಬೊಬ್ಬರ ಹೆಸರಿಗೂ ಒಂದು ಇ-ಮೇಲ್ ಮಾಡು, ಹೊಸ ಫೈಲ್ ಬಂದಿದ್ದರೆ ಅದಕ್ಕೆ ಅಂಟಿಸು, ಡಾಕ್ಟರಿಗೆ ಕಳಿಸು, ತಲುಪಿತು ಎಂದು ಮನೆಯ ಪೆಟ್ಟಿಗೆಗೆ ಹೇಳು. ಆಗ ಮನೆಯ ಪೆಟ್ಟಿಗೆ ಹೆಸರು ಹಿಡಿದು ಗಟ್ಟಿಯಾಗಿ ಮಾತನಾಡುತ್ತದೆ: 'ಇಂಥವರೇ, ನಿಮ್ಮ ಉಸಿರು ತಲುಪಿದೆ.' ಈ ಸ್ಕ್ರಿಪ್ಟಿಗೆ ಜ್ವರ ಬಂದರೆ, ಕೆಮ್ಮು ಬಂದರೆ ನೋಡಿಕೊಳ್ಳುವವಳು ನಾನು, ನಸೀಮಾ ಬಾಗವಾನ.

ಒಂದು ದಿನ ಡಾ. ಹಂಚಿನಾಳ ನನ್ನನ್ನು ತಮ್ಮ ಕೋಣೆಗೆ ಕರೆದರು. ನಾವಲಗಟ್ಟಿ ಊರಿನ ನೇಕಾರರೆಲ್ಲ ಅವರ ಪಾಲಿಗಿದ್ದರು.

"ನಸೀಮಾ, ಇದೇನವಾ ನಿನ್ನ ಮಷೀನಿನ ಆಟ? ಈ ದಾಕ್ಷಾಯಣವ್ವ ಮುರನಾಳ ತೀರ್ಕೊಂಡು ತಿಂಗಳ ಮ್ಯಾಲಾತು. ಎದಿ ರೋಗ. ಸರ್ಟಿಫಿಕೇಟಿಗೆ ನಾನ ಸಹಿ ಮಾಡೇನಿ. ಈಗ ನೋಡಿದ್ರ ದಿನಾ ಆಕೀ ಮೇಲ್ ಬರಾಕತ್ತೈತಿ, ಅಟ್ಯಾಚ್‌ಮೆಂಟ್ ಸಹಿತ."

"ಹಳೇ ಫೈಲ್ ಇರಬೇಕು ಸರ್."

"ಇನ್ನೊಂದು ಕೇಳಿಲ್ಲಿ. ಆಕೀ ಸೊಸಿ ರೇಣವ್ವ, ಅದೇ ಮನಿಯಾಕಿ. ಆಕೀ ಹೆಸರಿಲೇ ಮೇಲ್ ಬರ್ತದ, ಒಳಗ ಅಟ್ಯಾಚ್‌ಮೆಂಟ್ ಇಲ್ಲ. ಬದುಕಿದಾಕಿದು ಖಾಲಿ, ಸತ್ತಾಕಿದು ತುಂಬಿ! ಸತ್ತವರ ಹೆಸರಿನ ಫೈಲ್ ಕಳಸಬ್ಯಾಡ ಅಂತ ಒಂದ ಸಾಲು ಬರದು ಒಗದ್ ಬಿಡು, ಮುಗೀತು."

ಒಂದು ಸಾಲು ಬರೆಯುವುದು ಕಷ್ಟವೇನಲ್ಲ. ಆದರೆ ಹುಣ್ಣಿಗೆ ಪೌಡರ್ ಹಚ್ಚುವಂಥ ರಿಪೇರಿ ಕಂಡರೆ ನನಗೆ ಮೈ ಉರಿಯುತ್ತದೆ. "ಎರಡು ದಿನ ಕೊಡ್ರಿ ಸರ್, ಬುಡ ಹುಡುಕ್ತೀನಿ" ಎಂದು ಎದ್ದು ಬಂದೆ.

ಮೊದಲ ಅನುಮಾನ ಹಳೆಯ ಫೈಲಿನದೇ. ಹೊಸದು ಬರದಿದ್ದ ದಿನ ಸ್ಕ್ರಿಪ್ಟ್ ಹಿಂದಿನ ದಿನದ್ದನ್ನೇ ಮತ್ತೆ ಅಂಟಿಸಿ ಕಳಿಸುವುದು ಈ ಧಂದೆಯ ಹಳೆಯ ಚಾಳಿ. ದಾಕ್ಷಾಯಣವ್ವನ ಹೆಸರಿನಲ್ಲಿ ಬಂದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಒಂದರಂತೆ ಒಂದಿರಲಿಲ್ಲ. ಒಂದು ದಿನ ಬೆಳ್ಳುಳ್ಳಿಯ ಗೆರೆ ಎದ್ದು ಕಾಣುತ್ತಿತ್ತು. ಸೋಮವಾರದ ನಕ್ಷೆಯಲ್ಲಿ ಹೊಟ್ಟೆ ಖಾಲಿ ಇದ್ದ ಗುರುತು, ಉಪವಾಸದ್ದು. ಹಳೆಯ ಫೈಲ್ ಊಟ ಮಾಡುವುದಿಲ್ಲ, ಉಪವಾಸವನ್ನೂ ಇರುವುದಿಲ್ಲ.

ಸರಿ, ಇಬ್ಬರ ಫೈಲುಗಳಿಗೂ ಒಂದೇ ತಾತ್ಕಾಲಿಕ ಹೆಸರು ಬಿದ್ದು, ಒಂದರ ಮೇಲೆ ಇನ್ನೊಂದು ಕುಳಿತಿರಬೇಕು ಎಂದುಕೊಂಡೆ. ಇಲ್ಲ, ಹೆಸರುಗಳು ಬೇರೆ ಬೇರೆಯೇ ಇದ್ದವು. ಫೈಲ್ ಪೂರ್ತಿ ಬರೆದು ಮುಗಿಯುವ ಮೊದಲೇ ಸ್ಕ್ರಿಪ್ಟ್ ಅವಸರ ಮಾಡಿ ಖಾಲಿ ಕಳಿಸುತ್ತಿದೆಯೇ ಎಂದು ತಡೆದು ನಿಲ್ಲಿಸಿ ನೋಡಿದೆ. ಅದೂ ಅಲ್ಲ. ಅಂಟಿಸುವ ಅಪ್ಪಣೆಯನ್ನು ವಿಳಾಸಕ್ಕಿಂತ ಮುಂಚೆ ಬರೆಯಬೇಕು, ಹಿಂದೆಮುಂದೆ ಆದರೆ ಸ್ಕ್ರಿಪ್ಟ್ ಬಳಸುವ ಮೇಲ್ ಪ್ರೋಗ್ರಾಮ್ ಫೈಲಿನ ಹೆಸರನ್ನೇ ಯಾರದೋ ವಿಳಾಸ ಎಂದು ತಿಳಿದು ಒದ್ದಾಡುತ್ತದೆ. ಅದೂ ಸರಿಯಾಗಿತ್ತು. ಕೊನೆಗೆ ನಾನೇ ಆಫೀಸಿನ ಪೆಟ್ಟಿಗೆಗೆ ಊದಿದೆ. ನನ್ನ ಉಸಿರು ನನ್ನ ಹೆಸರಿನಲ್ಲೇ, ಅಟ್ಯಾಚ್‌ಮೆಂಟ್ ಸಮೇತ ಲಕ್ಷಣವಾಗಿ ಬಂತು. ಸ್ಕ್ರಿಪ್ಟ್ ಚಿನ್ನದಂಥದ್ದು. ನನಗೆ ತಲೆ ಕೆಟ್ಟುಹೋಯಿತು.

ಹಾಗಿದ್ದರೆ ತಪ್ಪು ಆ ಕಡೆಯದು, ಎಂದು ಮುರನಾಳರ ಮನೆಯ ಪೆಟ್ಟಿಗೆಯ ಒಳ ದಾಖಲೆಯನ್ನು ಇಲ್ಲಿಂದಲೇ ತೆರೆದೆ. ಪ್ರತಿ ಸಲ ಯಾರಾದರೂ ಊದಿದಾಗ, ಅದು ಯಾರ ಗುರುತಿಗೆ ಎಷ್ಟು ಹೊಂದುತ್ತದೆ ಎಂದು ಪೆಟ್ಟಿಗೆ ಅಂಕ ಕೊಟ್ಟಿರುತ್ತದೆ. ರೇಣವ್ವ ಬೆಳಿಗ್ಗೆ ಊದುತ್ತಿದ್ದಳು, ಅದು ಖರೆ. ಅತ್ತೆ ಸತ್ತ ಹೊಸತರಲ್ಲಿ ಅಂಕ ಪೂರ್ತಿ ರೇಣವ್ವನ ಕಡೆಗೇ ಇತ್ತು. ಆಮೇಲೆ ದಿನದಿನಕ್ಕೆ ಇಳಿಯುತ್ತ ಬಂತು. ನಡುವೆ ಕೆಲವು ದಿನ ಯಾರೆಂದು ತಿಳಿಯದೆ ಪೆಟ್ಟಿಗೆ ಫೈಲನ್ನೇ ಮಾಡಿರಲಿಲ್ಲ. ಮನೆಯ ಪಟ್ಟಿಯಲ್ಲಿ ಹೆಸರಿದೆ, ಅವತ್ತಿನ ಫೈಲಿಲ್ಲ, ಹಾಗಾಗಿ ಸ್ಕ್ರಿಪ್ಟ್ ಪಾಪ ರೇಣವ್ವನ ಹೆಸರಿನಲ್ಲಿ ಖಾಲಿ ಮೇಲ್ ಕಳಿಸುತ್ತಿತ್ತು. ಆ ಹೊತ್ತಿಗೆ ಇನ್ನೊಂದು ಅಂಕ ಏರುತ್ತ ಬಂದಿತ್ತು. ಕೊಳವೆಗೆ ಬಾಯಿ ಇಟ್ಟವಳು ಅದೇ ಹೆಂಗಸು, ಅದೇ ಹೊತ್ತು. ಆದರೆ ಪೆಟ್ಟಿಗೆ ಈಗ ಅವಳನ್ನು ದಾಕ್ಷಾಯಣವ್ವ ಎನ್ನುತ್ತಿತ್ತು, ಎಳ್ಳಷ್ಟೂ ಅನುಮಾನವಿಲ್ಲದೆ.

ಹಾಡಹಗಲು, ಸುತ್ತ ಜನ ಕೆಲಸ ಮಾಡುತ್ತಿದ್ದರು. ಆದರೂ ನನ್ನ ಕೈಮೇಲಿನ ಕೂದಲು ಎದ್ದು ನಿಂತವು. ಮನೆಯ ನಂಬರಿಗೆ ಫೋನ್ ಮಾಡಿದೆ. ದಾಕ್ಷಾಯಣವ್ವನ ಮಗ, ಅಂದರೆ ರೇಣವ್ವನ ಗಂಡ ಬಸವಂತ ಎತ್ತಿದ.

"ಪೆಟಗಿ ಸರಿ ಐತ್ರೀ ಮೇಡಂ. ದಿನಾ ಮಾತಾಡ್ತೈತಿ."

"ಯಾರ ಹೆಸರು ಹೇಳ್ತದ?"

"ನಮ್ಮವ್ವಂದು."

"ಮತ್ತ ಕಂಪ್ಲೇಂಟ್ ಯಾಕ ಕೊಡಲಿಲ್ಲ ನೀವು?"

"ಅವ್ವನ ಹೆಸರು ಕೇಳೂದು ನಿಲ್ಲಸ್ರಿ ಅಂತ ಹ್ಯಾಂಗ ಕಂಪ್ಲೇಂಟ್ ಕೊಡೂದ್ರೀ?" ಎಂದ.

ಮರುದಿನ ಇನ್ನೊಂದು ಪೆಟ್ಟಿಗೆಗೆ ಆ ಓಣಿಯ ಗುರುತುಗಳನ್ನೆಲ್ಲ ತುಂಬಿಕೊಂಡು ಆಫೀಸಿನ ಜೀಪಿನಲ್ಲಿ ನಾವಲಗಟ್ಟಿಗೆ ಹೋದೆ. ಮನೆಯ ಪೆಟ್ಟಿಗೆ ಕೆಟ್ಟಿದ್ದರೆ ಬದಲಿಸಿ ಬರುವುದು ನನ್ನ ಲೆಕ್ಕಾಚಾರ. ಓಣಿ ಹೊಕ್ಕರೆ ಒಂದೊಂದು ಮನೆಯಿಂದ ಒಂದೊಂದು ತರಹ ಮಗ್ಗದ ಸಪ್ಪಳ. ಮುರನಾಳರ ಬಾಗಿಲಲ್ಲಿ ಎದುರುಮನೆಯ ಕಲ್ಲವ್ವ ನನ್ನನ್ನು ತಡೆದಳು. ನೋಡಿದ ಕೂಡಲೇ ತಿಳಿಯಿತು, ಓಣಿಯ ಸುದ್ದಿಯೆಲ್ಲ ಇವಳ ಬಾಯಲ್ಲೇ ಹಾದು ಹೋಗುವುದು.

"ಪೆಟಗಿ ರಿಪೇರಿಗೆ ಬಂದೀರೇನ್ರೀ? ಪೆಟಗಿದೇನ ತಪ್ಪೈತಿ ಬಿಡ್ರಿ. ಅತ್ತಿ ಹೊಕ್ಕಾಳ ಆಕೀ ಮೈಯಾಗ. ಇದ್ದಾಗ ಇಬ್ಬರೂ ಹಾವು ಮುಂಗಲಿ. ಈಗ ನೋಡ್ರಿ, ಕೂತರ ಅತ್ತಿ ಹಂಗ, ಕೆಮ್ಮಿದರ ಅತ್ತಿ ಹಂಗ. ಯವ್ವಾ, ನನಗ ಈ ಕಡೆ ಹಾಯಾಕ ಅಂಜಿಕಿ!"

ಅಂಜಿಕೆ ಎನ್ನುತ್ತಲೇ ನನ್ನ ಹಿಂದೆ ಒಳಗೆ ಬಂದಳು.

ಮಗ್ಗದ ಕೋಣೆಯ ಕಿಟಕಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ್ದರು. ಒಣಹವೆಗೆ ನೂಲು ಹರಿಯದಿರಲಿ ಎಂದು ಸಬ್ಸಿಡಿಯಲ್ಲಿ ಕೊಂಡ ತೇವದ ಯಂತ್ರ ಮೂಲೆಯಲ್ಲಿ ಬಿಟ್ಟುಬಿಟ್ಟು ಹಸಿಗಾಳಿ ಊದುತ್ತಿತ್ತು. ಒಳಗೆಲ್ಲ ಹುಳಿಹುಳಿ ವಾಸನೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದವಳು ರೇಣವ್ವ. ಮೂವತ್ತರ ಆಸುಪಾಸಿನ ಹೆಂಗಸು, ಆದರೆ ಕೊರಳ ಎಲುಬು ಕಾಣುವಷ್ಟು ಸೊರಗಿದ್ದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು.

"ನಮ್ಮ ಮನೀ ಪದ್ಧತಿರೀ," ಬಸವಂತ ಹೇಳಿದ. "ಮಗ್ಗಕ್ಕ ಹೂಡಿದ ಉದ್ದನ ಎಳಿ, ಅಂದ್ರ ಹಾಸು, ಹಂಗ ಬಿಟ್ಟು ಯಾರರ ತೀರ್ಕೊಂಡ್ರ, ಮನಿಯಾಗಿನವರು ಅದ ಜಾಗಾದಾಗ ಕೂತು ಆ ಸೀರಿ ಮುಗಸಬೇಕು. ಇಲ್ಲಾಂದ್ರ ಸತ್ತವರು ಮಗ್ಗ ಬಿಟ್ಟು ಏಳಂಗಿಲ್ಲ ಅಂತಾರ."

"ಬಾಳೇವು ಮಾಡಾಕ ಬಂದಾಗಿಂದ ಈ ಮಗ್ಗ ಮುಟ್ಟಾಕ ಬಿಟ್ಟಿರಲಿಲ್ಲರೀ ನಮ್ಮತ್ತಿ," ರೇಣವ್ವ ಕೈ ನಿಲ್ಲಿಸದೆ ಹೇಳಿದಳು. "ನಿನ್ನ ದಡಿ ಸೊಟ್ಟ, ನಿನ್ನ ಕೈ ಸೊಟ್ಟ, ನಿನ್ನ ತವರಮನೀನ ಸೊಟ್ಟ ಅಂತಿದ್ಲು. ಈಗ ನೋಡ್ರಿ ಮೇಡಂ. ಎಲ್ಲಿಗೆ ಆಕಿ ಬಿಟ್ಟಾಳ, ಎಲ್ಲಿಂದ ನಾ ಹಿಡದೇನಿ, ತೋರಸ್ರಿ ನೋಡೂಣು."

ಸುತ್ತಿದ ಬಟ್ಟೆಯನ್ನು ಬಸವಂತ ಬಿಚ್ಚಿ ಹಿಡಿದ. ನಾನು ಬಗ್ಗಿ ನೋಡಿದೆ, ಬೆರಳಿನಿಂದ ಸವರಿ ನೋಡಿದೆ. ಎಲ್ಲಿಯೂ ಕೈ ಬದಲಾದ ಗುರುತಿಲ್ಲ. ಅಂಚು ಒಂದೇ ನೇರ, ಏಟು ಒಂದೇ ಬಿಗಿ. ರೇಣವ್ವ ಹೆಮ್ಮೆಯಿಂದ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. ಬಾಯಿ ಒರೆಸಿಕೊಂಡ ಟವೆಲನ್ನು ಅವಳು ತೊಡೆಯ ಕೆಳಗೆ ಸರಿಸಿದಳು. ಅದರಲ್ಲಿ ಕೆಂಪು ಕಂಡಿತು.

"ಒಮ್ಮೆ ಊದ್ರಿ," ಎಂದು ಮನೆಯ ಪೆಟ್ಟಿಗೆಯ ಕೊಳವೆ ಅವಳ ಬಾಯಿಗೆ ಹಿಡಿದೆ. ಊದಿದಳು. ಪೆಟ್ಟಿಗೆ ಗುಂಯ್‌ಗುಟ್ಟಿ, ತನ್ನ ಅದೇ ಮರ್ಯಾದೆಯ ದನಿಯಲ್ಲಿ ಹೇಳಿತು: "ದಾಕ್ಷಾಯಣವ್ವ ಅವರೇ, ನಿಮ್ಮ ಉಸಿರು ತಲುಪಿದೆ."

ಬಸವಂತ ಕೈ ಮುಗಿದ. ರೇಣವ್ವ, ಯಾರೋ ಕರೆದಂತೆ, "ಹೂಂ" ಎಂದಳು.

ನಾನು ಕೆಲಸ ಬಿಡಲಿಲ್ಲ. ಮನೆಯ ಪೆಟ್ಟಿಗೆ ಕಳಚಿ ಪಕ್ಕಕ್ಕಿಟ್ಟೆ. ತಂದಿದ್ದ ಇನ್ನೊಂದನ್ನು ಮಗ್ಗದ ಅಡ್ಡಮರದ ಮೇಲೆ ಇಟ್ಟು ವೈರ್ ಜೋಡಿಸಿ ಸ್ವಿಚ್ ಹಾಕಿದೆ, ಹಳೆಯದರ ವೈರ್ ಸುತ್ತಿಡಲು ಕೆಳಗೆ ಬಗ್ಗಿದೆ. ಅದರ ಕೊಳವೆಯ ಬಾಯಿ ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಕಡೆ ತಿರುಗಿತ್ತು. ತೇವದ ಯಂತ್ರ ಒಮ್ಮೆ ಬುಸ್ಸೆಂದು ಗಾಳಿ ಊದಿತು. ಗಾಳಿ ಹಾಸಿನ ಎಳೆಗಳನ್ನು ಹಾದು ಬಂತು. ರೇಣವ್ವ ಕುಣಿಯಲ್ಲಿದ್ದಳು, ಬಸವಂತ ಬಾಗಿಲ ಬಳಿ, ನಾನು ನೆಲದ ಮೇಲೆ. ಯಾರೂ ಊದಿರಲಿಲ್ಲ.

"ದಾಕ್ಷಾಯಣವ್ವ ಅವರೇ, ನಿಮ್ಮ ಉಸಿರು ತಲುಪಿದೆ," ಎಂದಿತು ಹೊಸ ಪೆಟ್ಟಿಗೆ.

ಕಲ್ಲವ್ವ ಕಿಟಾರನೆ ಕಿರುಚಿ ಹೊಸ್ತಿಲ ಮೇಲೆ ಅಡ್ಡಬಿದ್ದಳು. ಬಸವಂತನ ಕಣ್ಣಲ್ಲಿ ನೀರು. ನಾನು ಕಲ್ಲಾಗಿ ಕುಳಿತೆ. ಯಂತ್ರ ಮತ್ತೆ ಊದಿತು, ಪೆಟ್ಟಿಗೆ ಮತ್ತೆ ಹೇಳಿತು. ಖಾಲಿ ಗಾಳಿಗೆ ಹೆಸರಿಟ್ಟು ಕರೆಯುವ ಆ ದನಿಯನ್ನು ನಾನು ಸಾಯುವವರೆಗೆ ಮರೆಯಲಾರೆ.

ಮೂರನೆಯ ಸಲ ಹೇಳಿದಾಗ ಮಾತ್ರ ನನ್ನ ಬುದ್ಧಿ ಮರಳಿ ಜಾಗಕ್ಕೆ ಬಂತು. ಎದ್ದು ಹಾಸಿನ ಮೇಲೆ ಬೆರಳಾಡಿಸಿದೆ. ಬೆರಳ ತುದಿಗೆ ಹಿಟ್ಟಿನಂಥ ಬಿಳಿ ಪುಡಿ ಹತ್ತಿತು, ಹುಳಿ ವಾಸನೆ.

"ಇದೇನ್ರೀ?"

"ಗಂಜಿರೀ, ಎಳಿ ಗಟ್ಟಿ ಆಗಾಕ," ರೇಣವ್ವ ಹೇಳಿದಳು. "ನಮ್ಮತ್ತೀ ಕೈ ಗಂಜಿಗೆ ಸಾಟಿ ಇಲ್ಲ ಬಿಡ್ರಿ. ಅಕಾ ಅಲ್ಲಿ, ಆ ಗಡಿಗ್ಯಾಗ ಹೆಪ್ಪು ಐತಿ. ಆಕೀಗೆ ಅವರತ್ತಿ ಕೊಟ್ಟದ್ದು, ಅವರಿಗೆ ಅವರತ್ತಿ. ಮಸರಿಗೆ ಹೆಪ್ಪು ಇಟ್ಟಂಗ, ಹಳೇದ್ರಾಗ ಹೊಸಾದು ಕೂಡಸ್ಕೋತ ಬಂದೀವಿ."

ಆಗ ನನಗೆ ಎಲ್ಲ ಬಿಡಿಸಿಕೊಂಡಿತು. ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿ ಇರದಂಥದ್ದನ್ನು ಹಿಡಿ ಎಂದು ನಾವು ಪೆಟ್ಟಿಗೆಗೆ ಕಲಿಸಿದ್ದೆವು. ದಾಕ್ಷಾಯಣವ್ವನಲ್ಲಿ ಬೇರೆ ಯಾರಲ್ಲೂ ಇರದಂಥದ್ದು ಏನಿತ್ತು? ಈ ಗಂಜಿಯ ಬೂಷ್ಟು, ಅವಳ ಎದೆಯೊಳಗೆ ಬೆಳೆದು ಮನೆ ಮಾಡಿಕೊಂಡದ್ದು. ಹಿಂದೆಲ್ಲ ಬಾಗಿಲು ಕಿಟಕಿ ತೆರೆದಿರುತ್ತಿದ್ದವು, ಬೂಷ್ಟು ಗಾಳಿಗೆ ಹೋಗುತ್ತಿತ್ತು. ಈಗ ಮುಚ್ಚಿದ ಕೋಣೆ, ಹಗಲಿಡೀ ತೇವ. ಪೆಟ್ಟಿಗೆ ಯಾವತ್ತೂ ಆ ಮುದುಕಿಯನ್ನು ಗುರುತಿಸಿರಲೇ ಇಲ್ಲ. ಅವಳೊಳಗೆ ಇದ್ದದ್ದನ್ನು ಗುರುತಿಸಿತ್ತು, ನಾವು ಅದಕ್ಕೆ ಅವಳ ಹೆಸರಿಟ್ಟಿದ್ದೆವು. ಈಗ ಅದು ರೇಣವ್ವನೊಳಗೆ ಬೆಳೆಯುತ್ತಿತ್ತು.

"ಏಳ್ರಿ ಮ್ಯಾಲ," ಎಂದೆ. "ಈಗಿಂದೀಗ ಏಳ್ರಿ. ಈ ಹಾಸಿನ ಬೂಷ್ಟು ನಿಮ್ಮತ್ತೀನ ಕೊಂದೈತಿ. ಇಲ್ಲೇ ಕೂತ್ರ ನೀವೂ ಸಾಯ್ತೀರಿ."

"ಸೆರಗೊಂದು ಉಳದೈತಿರೀ."

"ಸೆರಗು ಹಾಳಾಗಿ ಹೋಗಲಿ!"

"ಹಂಗನಬ್ಯಾಡ್ರಿ ಮೇಡಂ," ಅವಳು ಲಾಳಿ ಬಿಡಲಿಲ್ಲ. "ಸೆರಗಿಲ್ಲದ ಸೀರಿ ಬಿಟ್ಟು ಎದ್ರ ಓಣೀ ಮಂದಿ ಏನಂತಾರ? ಮುದುಕಿ ಖರೇನ ಹೇಳಿದ್ಲು, ಇಕೀ ಕೈಲೆ ಆಗಲಿಲ್ಲ ಅಂತಾರ. ನಾ 'ಆಗ್ತೈತಿ' ಅನಿಸ್ಕೊಂಡ ಸಾಯ್ತೀನಿ, ಬೇಕಾದ್ರ."

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೆ ಅಲ್ಲ; ಸತ್ತ ಮೇಲೂ ಮಾತು ಗೆಲ್ಲುತ್ತಿದ್ದ ಆ ಮುದುಕಿಯ ಮೇಲೆ. ಡಾ. ಹಂಚಿನಾಳರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅವರು ಎರಡೇ ಮಾತಿನಲ್ಲಿ ವಿಷಯ ಹಿಡಿದರು.

"ಮೊದಲ ಆಕಿನ್ನ ಜೀಪಿಗೆ ಹಾಕು. ಬಸವಂತಾ, ಕೇಳ್ತೈತಿಲ್ಲ? ಆ ಹಾಸು ಸುಡಬ್ಯಾಡ, ಹೊಗಿ ಕುಡದೀರಿ. ಮುಚ್ಚಿದ ಕ್ವಾಣ್ಯಾಗೂ ಇಡಬ್ಯಾಡ. ಬಯಲಿಗೆ ಒಯ್ದು ಮ್ಯಾಲಿನ ಗಂಜಿ ಎಲ್ಲಾ ಝಾಡಿಸಿ ತಗೀರಿ, ಮೂಗಿಗೆ ಅರಿವಿ ಕಟ್ಕೊಂಡು."

"ಹೂಂ ರೀ," ಎಂದ ಬಸವಂತ. ಕುಣಿಗೆ ಇಳಿದು ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿದ. ಅವಳು ಬಿಡಿಸಿಕೊಳ್ಳಲು ಒದ್ದಾಡಿದಳು, ಆದರೆ ಮೈಯಲ್ಲಿ ಕಸುವಿರಲಿಲ್ಲ.

ಕೇಂದ್ರದ ವಾರ್ಡಿನಲ್ಲಿ ರೇಣವ್ವನಿಗೆ ಚಿಕಿತ್ಸೆ ಶುರುವಾಯಿತು. ಗಡಿಗೆಯ ಹೆಪ್ಪನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದರು. ನನ್ನ ಊಹೆ ಸರಿಯಾಗಿತ್ತು. ಆ ಬೂಷ್ಟಿಗೆ ಔಷಧವೂ ಇತ್ತು, ನಿಧಾನದ್ದು, ಬಾಯಿ ಕಹಿಯಾಗಿಸುವಂಥದ್ದು. ಹಾಸಿಗೆಯ ಪಕ್ಕ ಆ ಓಣಿಯ ಗುರುತುಗಳಿದ್ದ ಒಂದು ಪೆಟ್ಟಿಗೆ ಇಟ್ಟೆ. ದಿನಾ ಬೆಳಿಗ್ಗೆ ಅವಳು ಊದುವಳು, ನನ್ನ ಸ್ಕ್ರಿಪ್ಟ್ ಕಳಿಸುವುದು, ಪೆಟ್ಟಿಗೆ 'ದಾಕ್ಷಾಯಣವ್ವ ಅವರೇ' ಎನ್ನುವುದು. ಅಂಕ ಮಾತ್ರ ಸ್ವಲ್ಪಸ್ವಲ್ಪವೇ ಇಳಿಯುತ್ತಿತ್ತು. ಔಷಧ ನಾಟುತ್ತಿತ್ತು.

ನನಗೆ ಅವಳ ಜತೆ ಮಾತು ರೂಢಿಯಾಯಿತು. ಮಧ್ಯಾಹ್ನದ ಡಬ್ಬಿ ಅಲ್ಲೇ ಬಿಚ್ಚುತ್ತಿದ್ದೆ. ಅತ್ತೆಯ ಜಗಳಗಳನ್ನು ಅವಳು ಅಭಿನಯಿಸಿ ತೋರಿಸುತ್ತಿದ್ದಳು, ನಕ್ಕೂ ನಕ್ಕೂ ನನಗೆ ಪಕ್ಕೆ ಹಿಡಿಯುತ್ತಿತ್ತು. "ಆಕಿ ಒಂದಂದ್ರ ನಾ ಎರಡಂತಿದ್ದೆ. ನಾ ಅಂದ್ರ ಹೆದರತಿದ್ಲರೀ, ಹೊರಗ ತೋರಸ್ತಿದ್ದಿಲ್ಲ ಅಷ್ಟ" ಎನ್ನುತ್ತಿದ್ದಳು. ನಡುವೆ ಕೆಲವು ದಿನ ಪೆಟ್ಟಿಗೆ ಯಾರ ಹೆಸರನ್ನೂ ಹೇಳದೆ ಸುಮ್ಮನಿತ್ತು. ಆಗ ಅವಳೂ ಸುಮ್ಮನಿರುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಅದು, "ರೇಣವ್ವ ಅವರೇ, ನಿಮ್ಮ ಉಸಿರು ತಲುಪಿದೆ," ಎಂದಿತು. ನಾನು ಚಪ್ಪಾಳೆ ಹೊಡೆದೆ. ರೇಣವ್ವ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ಹ್ವಾದ್ಲರೀ. ಬೈಯಾಕರ ಇದ್ಲು. ಈಗ ಖರೇನ ಹ್ವಾದ್ಲು."

ಅವಳನ್ನು ಸಮಾಧಾನ ಮಾಡಿ, ಸಂತೋಷದ ಸುದ್ದಿ ಹೇಳಲು ಡಾ. ಹಂಚಿನಾಳರ ಕೋಣೆಗೆ ಹೋದೆ. ಅವರು ಪರದೆ ನೋಡುತ್ತ ಕುಳಿತಿದ್ದರು, ಮುಖದಲ್ಲಿ ಬಣ್ಣವಿರಲಿಲ್ಲ. "ನಾವಲಗಟ್ಟಿಯಿಂದ ಖಾಲಿ ಮೇಲ್ ಬರಾಕತ್ತಿದ್ದೂ, ನೆಟ್‌ವರ್ಕ್ ಇರಬೇಕು ಅಂತ ಬಿಟ್ಟಿದ್ದೆ. ಈಗ ತುಂಬಿಕೊಂಡು ಬರಾಕತ್ಯಾವ," ಎಂದರು.

ಬಗ್ಗಿ ನೋಡಿದೆ. ದಾಕ್ಷಾಯಣವ್ವ ಮುರನಾಳ, ಅಟ್ಯಾಚ್‌ಮೆಂಟ್ ಇದೆ. ಅದರ ಕೆಳಗೆ ದಾಕ್ಷಾಯಣವ್ವ ಮುರನಾಳ. ಅದರ ಕೆಳಗೂ ಅವಳೇ. ನಾವು ನೋಡುತ್ತಿದ್ದಂತೆ ಇನ್ನೊಂದು ಬಂದು ಎಲ್ಲದರ ಮೇಲೆ ಕುಳಿತಿತು. ಕಳಿಸಿದ ಪೆಟ್ಟಿಗೆಗಳು ಬೇರೆ ಬೇರೆ. ಒಂದು ಕಲ್ಲವ್ವನ ಮನೆಯದು, ಒಂದು ಓಣಿಯ ಕೊನೆಯ ಮನೆಯದು, ಒಂದು ಅದರಾಚೆಯದು. ಒಂದೊಂದು ಫೈಲಿನಲ್ಲೂ ಆ ಮನೆಯ ಊಟದ ಗೆರೆ ಬೇರೆ. ಉಸಿರು ಮಾತ್ರ ಒಂದೇ.

ಬಸವಂತನಿಗೆ ಫೋನ್ ಮಾಡಿದೆ. ಅವನು ಕೆಮ್ಮುತ್ತಲೇ ಖುಷಿಯಿಂದ ಮಾತಾಡಿದ.

"ಡಾಕ್ಟರ್ ಹೇಳಿದಂಗ ಅವತ್ತ ಮಾಡೀವ್ರೀ ಮೇಡಂ. ಓಣ್ಯಾಗ ಆ ತುದಿಯಿಂದ ಈ ತುದಿತನಾ ಹಾಸು ಹಿಡದು ಕಟ್ಟಿದ್ವಿ. ಮನಿಗೊಬ್ಬರಂಗ ಎಲ್ಲಾರೂ ಬಂದ್ರು, ಹೆಂಗಸರು ಮಕ್ಕಳು ಸುದ್ದಾ. ಗಂಜಿ ಹಚ್ಚೂ ಕುಂಚ, ಕುಂಚಿಗಿ, ಹಿಡದು ತಿಕ್ಕಿ ತಿಕ್ಕಿ ಝಾಡಿಸಿದ್ವಿ. ಬಿಳೇ ಪುಡಿ ನೋಡಬೇಕಿತ್ರೀ, ಬಿಸಲಾಗ ಓಣಿ ತುಂಬ ಎದ್ದಿತ್ತು!"

ಒಂದು ಹಾಸನ್ನು ಒಬ್ಬರೇ ಮುಟ್ಟುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ಗಂಜಿ ಹಚ್ಚುವುದಿರಲಿ, ತೆಗೆಯುವುದಿರಲಿ, ಎಲ್ಲ ಮನೆಯವರೂ ಕುಂಚಿಗೆ ಹಿಡಿದು ಬರುತ್ತಾರೆ, ಬರದಿದ್ದರೆ ಅವಮಾನ. ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ಒಬ್ಬ ಮನುಷ್ಯ, ಒಂದು ಬಯಲು, ಇಷ್ಟೇ ಅವರ ತಲೆಯಲ್ಲಿದ್ದದ್ದು.

"ಬಸವಂತ, ಎಲ್ಲಾರನ್ನೂ ಕರಕೊಂಡು ಇಲ್ಲಿಗೆ ಬರ್ರಿ. ಈಗಲೇ. ಔಷಧ ಐತಿ."

"ಯಾರೂ ಬರಂಗಿಲ್ಲರೀ," ಅವನು ಮೆಲ್ಲಗೆ ಹೇಳಿದ. "ಮನಿಮನಿಯಾಗ ಪೆಟಗಿ ಅವ್ವನ ಹೆಸರು ಹೇಳಾಕತ್ತೈತಿ. ಎಲ್ಲಾರೂ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗ್ಯಾರ. ಅವ್ವ ಓಣಿ ಕಾಯಾಕ ಬಂದಾಳ ಅಂತಾರ. ನೇಯ್ಗಿ ಹ್ಯಾಂಗ ಬಿಗಿ ಬರಾಕತ್ತೈತಿ ಅಂದ್ರ, ಅವ್ವನ ಕೈನರೀ ಅದು. ದವಾಖಾನಿಗೆ ಹ್ವಾದ್ರ ಆಕಿನ್ನ ಓಡಸ್ತಾರ ಅಂತ ಅಂಜ್ಯಾರ."

ನಾನು ಫೋನ್ ಹಿಡಿದುಕೊಂಡೇ ವಾರ್ಡಿಗೆ ಓಡಿದೆ. ರೇಣವ್ವ ಮನೆಗೆ ಹೋಗಲೆಂದು ಚೀಲ ಕಟ್ಟುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಫೋನ್ ಕಿತ್ತುಕೊಂಡು ಗಂಡನಿಗೆ, "ನೀವರ ಬರ್ರಿ, ನನ್ನ ಆಣಿ ಐತಿ," ಎಂದಳು. ಅವನ ದನಿ ನನಗೂ ಕೇಳುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಪಾಪ ರೇಣೂ. ಅವ್ವ ಎಲ್ಲಾರ ಕೂಡ ಅದಾಳ. ನಿನ್ನೊಬ್ಬಾಕಿನ್ನ ಬಿಟ್ಟು."

ರೇಣವ್ವ ಫೋನನ್ನು ನನ್ನ ಕೈಗಿಟ್ಟಳು. ಆಮೇಲೆ ನರ್ಸಿನ ಮೇಜಿನಿಂದ ಮಾಸ್ಕ್ ಎತ್ತಿ ಕಟ್ಟಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು.

"ಜೀಪ್ ತರಸ್ರಿ ಮೇಡಂ. ನೀವು ಹೇಳಿದ್ರ ಕೇಳಂಗಿಲ್ಲ ಅವರು, ಡಾಕ್ಟರ್ ಹೇಳಿದ್ರೂ ಕೇಳಂಗಿಲ್ಲ. ಆಕೀ ಕೂಡ ಜಗಳಾಡಾಕ ಆ ಓಣ್ಯಾಗ ಯಾರಿಗೂ ಬರಂಗಿಲ್ಲ, ನನಗೊಬ್ಬಾಕಿಗೆ ಬರ್ತದ."

ಇದ್ದಬದ್ದ ಔಷಧವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಾನು ಅವಳ ಹಿಂದೆ ಹೊರಟೆ. ನಾವಲಗಟ್ಟಿಯ ಓಣಿಯ ತಲೆಗೆ ಜೀಪ್ ನಿಂತಾಗ ನಡುಮಧ್ಯಾಹ್ನ. ಕಟ್ಟೆಗಳ ಮೇಲೆ ಯಾರೂ ಇರಲಿಲ್ಲ, ಎಲ್ಲರೂ ಒಳಗೆ ಮಗ್ಗದ ಮೇಲಿದ್ದರು. ಹಿಂದಿನ ಸಲ ಬಂದಾಗ ಒಂದೊಂದು ಮನೆಯದು ಒಂದೊಂದು ತರಹ ಇದ್ದ ಸಪ್ಪಳ ಈಗ ಎಲ್ಲ ಸೇರಿ ಒಂದೇ ಏಟಾಗಿ ಬೀಳುತ್ತಿತ್ತು. ಆ ಏಟಿಗೆ ಜೀಪಿನ ಗಾಜು ಅದುರುತ್ತಿತ್ತು. ಡ್ರೈವರ್ ಇಳಿಯಲು ಒಪ್ಪಲಿಲ್ಲ.

ರೇಣವ್ವ ಇಳಿದಳು. ಓಣಿಯ ನಟ್ಟನಡುವೆ ನಡೆದು ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಅತ್ತೀ! ಬಾ ಹೊರಗ!"

ಮಗ್ಗಗಳೆಲ್ಲ ಒಮ್ಮೆಲೇ ನಿಂತವು.